ತಾಯಿಕೋಳಿ ಮರಿಗಳನ್ನು ಬಿಡುವ ಕಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾವಿಗೆ ಕೂತು ಮರಿ ಮಾಡಿದ ಕೋಳಿ ಯಾವಾಗ ಮರಿಗಳನ್ನು ಬಿಡುತ್ತದೆ, ಬಿಟ್ಟ ಮೇಲೆ ತಾಯಿಯೂ ಮರಿಗಳೂ ಮಿಕ್ಕ ಕೋಳಿಗಳ ಗುಂಪಿಗೆ ಮರಳಿ ಸೇರುವುದು ಹೇಗೆ ಎಂಬ ವಿಷಯವಾಗಿ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಳ್ಳಲಾಗಿದೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಚಿಕ್ಕದಾಗಿಸಿದ್ದೇವೆ.

ಪ್ರಶ್ನೆ: ನಮ್ಮ ಹೇಟೆಯೊಂದು ಒಂಬತ್ತು ಮರಿಗಳನ್ನು ಮಾಡಿ ಆರು ವಾರ ಬಹಳ ಅಕ್ಕರೆಯಿಂದ ಸಾಕಿತು. ಈಗ ಕೆಲವು ದಿನಗಳಿಂದ ಕಾಳು ಹಾಕಿದೊಡನೆ ಮರಿಗಳ ತಲೆಗೇ ಕುಕ್ಕಿ ಓಡಿಸುತ್ತಿದೆ. ರಾತ್ರಿ ಮರಿಗಳನ್ನು ನೆಲದ ಗೂಡಿನಲ್ಲೇ ಬಿಟ್ಟು ತಾನು ಮೇಲಿನ ಅಡ್ಡಗೋಲಿನ ಮೇಲೆ ಹೋಗಿ ಕೂರುತ್ತದೆ. ಮರಿಗಳು ಪೂರಾ ಕತ್ತಲಾಗುವವರೆಗೂ ಕೀಚಿಡುತ್ತವೆ. ಕೋಳಿಗೆ ರೋಗ ಬಂದಿರಬಹುದೇ? ಮರಿಗಳನ್ನು ಬೇರೆ ಇಡಬೇಕೇ?

ಉತ್ತರ: ಇದು ರೋಗದ ಲಕ್ಷಣವಲ್ಲ. ಕಾಳಿನಿಂದ ಮರಿಗಳನ್ನು ಅಟ್ಟುವುದು ಮತ್ತು ರಾತ್ರಿ ಅವುಗಳನ್ನು ಬಿಟ್ಟು ಮೇಲೇರಿ ಕೂರುವುದು, ಇವೆರಡೂ ತಾಯಿ ತನ್ನ ಕೆಲಸ ಮುಗಿಸುತ್ತಿರುವುದರ ಗುರುತುಗಳು. ಆರನೆಯ ವಾರ ಅದಕ್ಕೆ ತೀರ ಸಹಜವಾದ ಕಾಲ.

ನಮ್ಮ ಕಣ್ಣಿಗೆ ಈ ಬದಲಾವಣೆ ಒಂದೇ ರಾತ್ರಿಯಲ್ಲಿ ಆದಂತೆ ತೋರುತ್ತದೆ. ಕೋಳಿಯ ಮೈಯೊಳಗೆ ಮಾತ್ರ ಅದು ವಾರಗಳಿಂದ ನಡೆದಿರುತ್ತದೆ. ಕೋಳಿ ಕಾವಿಗೆ ಕೂರುವಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಾಗಿ ಸ್ರವಿಸುತ್ತದೆ. ಅದರಿಂದ ಅಂಡಾಶಯ ಕುಗ್ಗಿ ಮೊಟ್ಟೆಯಿಡುವುದು ನಿಲ್ಲುತ್ತದೆ, ಜುಟ್ಟಿನ ಕೆಂಪು ಬಿಳಿಚುತ್ತದೆ, ಹಸಿವು ಇಳಿಯುತ್ತದೆ. 21 ದಿನಗಳ ಕಾವಿನಲ್ಲಿ ಕೋಳಿ ದಿನಕ್ಕೆ ಒಂದೆರಡು ಸಲ ಸ್ವಲ್ಪ ಹೊತ್ತು ಮಾತ್ರ ಎದ್ದು, ನಾಲ್ಕು ಕಾಳು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ ಮತ್ತೆ ಮೊಟ್ಟೆಗಳ ಮೇಲೆ ಕೂರುವುದರಿಂದ ಅದರ ತೂಕವೂ ಇಳಿದಿರುತ್ತದೆ. ಮರಿಗಳು ಹೊರಬಂದ ಮೇಲೆ ಪ್ರೊಲ್ಯಾಕ್ಟಿನ್ ಇಳಿಮುಖವಾಗುತ್ತದೆಯಾದರೂ, ರೆಕ್ಕೆಯಡಿಗೆ ನುಗ್ಗುವ ಮರಿಗಳ ಸ್ಪರ್ಶ ಅದನ್ನು ಪೂರ್ತಿ ಇಳಿಯಗೊಡದೆ ಮೊಟ್ಟೆಯಿಡುವಿಕೆಯನ್ನು ಇನ್ನೂ ಕೆಲವು ವಾರ ತಡೆಹಿಡಿಯುತ್ತದೆ. ಮರಿಗಳಿಗೆ ಗರಿ ಮೂಡಿ ಅವು ತಾಯಿಯ ಮೈಬಿಸಿಯನ್ನು ಹುಡುಕಿ ಬರುವುದು ಕಡಿಮೆಯಾದಷ್ಟೂ ಈ ತಡೆ ಸಡಿಲುತ್ತದೆ; ಅಂಡಾಶಯವನ್ನು ಎಚ್ಚರಿಸುವ ಹಾರ್ಮೋನುಗಳು ಏರುತ್ತವೆ, ಜುಟ್ಟು ಮತ್ತೆ ಕೆಂಪೇರುತ್ತದೆ, ಹುಂಜ ಸಮೀಪಿಸಿದರೆ ಕೋಳಿ ರೇಗದೆ ಬಗ್ಗಿ ಕೂರುತ್ತದೆ. ಅಂದರೆ ಮರಿಗಳು ಬೆಳೆಯುವುದೇ ತಾಯಿ ಬಿಡುವುದಕ್ಕೆ ಕಾರಣವಾಗುತ್ತದೆ.

ಸೂಕ್ಷ್ಮವಾಗಿ ನೋಡುವವರಿಗೆ ಇದರ ಮುನ್ಸೂಚನೆಗಳೂ ಕಾಣುತ್ತವೆ. ಮೊದಲ ವಾರಗಳಲ್ಲಿ ತಾಯಿ ಒಂದು ಹುಳುವೋ ಕಾಳೋ ಸಿಕ್ಕರೆ ತಾನು ನುಂಗದೆ ಅದನ್ನು ಎತ್ತಿ ಕೆಳಗೆ ಹಾಕಿ, ಮತ್ತೆ ಎತ್ತಿ, ಒಂದೇ ಸಮನೆ ಕೊಕ್ಕೊಕ್ಕೆಂದು ಕರೆಯುತ್ತದೆ. ಮರಿಗಳು ಓಡಿಬಂದು ಕಿತ್ತುಕೊಳ್ಳುತ್ತವೆ. ಮೊದಲು ಕಡಿಮೆಯಾಗುವುದು ಈ ಕರೆ. ಆಮೇಲೆ ತಾಯಿ ಸಿಕ್ಕಿದ್ದನ್ನು ತಾನೇ ತಿನ್ನತೊಡಗುತ್ತದೆ, ಮೇಯುವಾಗ ಮರಿಗಳಿಗಾಗಿ ತಿರುಗಿ ನೋಡುವುದನ್ನು ಬಿಡುತ್ತದೆ, ಮಿಕ್ಕ ಕೋಳಿಗಳ ನಡುವೆ ಹೆಚ್ಚು ಹೊತ್ತು ಕಳೆಯುತ್ತದೆ. ಮೇಲೇರಿ ಮಲಗುವುದು ಮತ್ತು ಕುಕ್ಕಿ ಓಡಿಸುವುದು ಸಾಮಾನ್ಯವಾಗಿ ಇವುಗಳ ನಂತರ. ಕೆಲವು ಕೋಳಿಗಳು ಕುಕ್ಕುವ ಗೋಜಿಗೇ ಹೋಗದೆ ಸುಮ್ಮನೆ ದೂರವಾಗುತ್ತವೆ. ಇನ್ನು ಕೆಲವು, ಮರಿಗಳನ್ನು ಅಟ್ಟಿದ ದಿನವೇ ಮೊಟ್ಟೆಯಿಟ್ಟು ನಮ್ಮನ್ನು ಬೆರಗುಗೊಳಿಸುತ್ತವೆ.

ಇದನ್ನು ಕ್ರೌರ್ಯವೆಂದು ಎಣಿಸಬೇಡಿ. 2011ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು, ತಾಯಿಕೋಳಿ ನೋಡುತ್ತಿರುವಂತೆಯೇ ಅದರ ಮರಿಗಳ ಮೇಲೆ ಮೆಲ್ಲಗೆ ಗಾಳಿ ಊದಿ ಪರೀಕ್ಷಿಸಿದಾಗ, ತಾಯಿಯ ಎದೆಬಡಿತ ಹೆಚ್ಚಿದ್ದನ್ನೂ ಅದು ಮರಿಗಳನ್ನು ಹೆಚ್ಚಾಗಿ ಕರೆದದ್ದನ್ನೂ ದಾಖಲಿಸಿದರು. ಮರಿಗಳ ಸಂಕಟಕ್ಕೆ ಅಷ್ಟು ಮಿಡಿಯುವ ಜೀವವೇ ಕೆಲವು ವಾರಗಳ ನಂತರ ಅವುಗಳನ್ನು ಅಟ್ಟುತ್ತದೆ. ಮರಿಗಳು ತಾವಾಗಿ ಕೆದಕಿ ತಿನ್ನಲು ಕಲಿತ ಮೇಲೆಯೇ ಅಟ್ಟುತ್ತದೆ ಎಂಬುದನ್ನು ಮರೆಯಬಾರದು.

ಮರಿಗಳನ್ನು ಬೇರೆ ಇಡುವ ಅಗತ್ಯವಿಲ್ಲ. ಕೀಚಾಟ ಎರಡು ಮೂರು ರಾತ್ರಿಗಳಲ್ಲಿ ತಾನಾಗಿ ಅಡಗುತ್ತದೆ, ಮರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗುವುದನ್ನು ರೂಢಿಮಾಡಿಕೊಳ್ಳುತ್ತವೆ. ಗೂಡಿನಲ್ಲಿ ನೆಲದಿಂದ ಗೇಣೆತ್ತರದಲ್ಲಿ ಒಂದು ಅಡ್ಡಗೋಲನ್ನೂ ಅಲ್ಲಿಂದ ಮೇಲಿನದಕ್ಕೆ ಓರೆಯಾಗಿ ಒಂದು ಹಲಗೆಯನ್ನೂ ಇಟ್ಟುಕೊಟ್ಟರೆ, ಹಲವು ಮರಿಗಳು ಒಂದು ವಾರದೊಳಗೆ ತಾಯಿಯ ಪಕ್ಕಕ್ಕೇ ಏರಿ ಕೂರುವುದುಂಟು, ಮತ್ತು ರಾತ್ರಿಯ ಹೊತ್ತು ತಾಯಿ ಅದನ್ನು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಆದರೆ ತಾಯಿಯ ಕಾವಲು ತಪ್ಪಿದ ಈ ದಿನಗಳಲ್ಲಿ ನೆಲದ ಮೇಲೆ ಮಲಗುವ ಮರಿಗಳು ಇಲಿ, ಬೆಕ್ಕು, ಹಾವುಗಳಿಗೆ ಸುಲಭದ ತುತ್ತಾಗುವುದರಿಂದ ಗೂಡಿನ ಸಂದುಗಳನ್ನು ಮತ್ತೊಮ್ಮೆ ಪರೀಕ್ಷಿಸಿ ಮುಚ್ಚಿರಿ. ತಾಯಿ ಒಂದು ಸಲ ಕುಕ್ಕಿ, ಮರಿ ಸರಿದೊಡನೆ ಸುಮ್ಮನಾದರೆ ಅದರಲ್ಲಿ ಕೈಹಾಕಬೇಡಿ. ಸರಿದ ಮರಿಯನ್ನೂ ಬೆನ್ನಟ್ಟಿ ಮೂಲೆಗೆ ಸಿಕ್ಕಿಸಿ ಕುಕ್ಕಿದರೆ, ಅಥವಾ ರಕ್ತ ಕಂಡರೆ, ಆಗ ಮಾತ್ರ ಗಾಯಗೊಂಡ ಮರಿಯನ್ನು ಕೂಡಲೇ ತೆಗೆಯಬೇಕು. ಕೆಂಪು ಕಂಡ ಕಡೆ ಮಿಕ್ಕ ಕೋಳಿಗಳೂ ಕುಕ್ಕಲು ಬರುತ್ತವೆ.

ಪ್ರಶ್ನೆ: ಬೇಗ ಮೊಟ್ಟೆಗೆ ಬರಲಿ ಎಂದು ಮರಿಗಳನ್ನು ನಾವಾಗಿಯೇ ತಾಯಿಯಿಂದ ಬೇರ್ಪಡಿಸಬಹುದೇ? ಎಷ್ಟು ವಾರಕ್ಕೆ ಬೇರ್ಪಡಿಸಿದರೆ ತೊಂದರೆಯಿಲ್ಲ?

ಉತ್ತರ: ಬೇರ್ಪಡಿಸಬಹುದು, ಮತ್ತು ಮೇಲೆ ಹೇಳಿದ ಕಾರಣದಿಂದಲೇ, ಮರಿಗಳ ಸ್ಪರ್ಶ ತಪ್ಪಿದ ಕೋಳಿ ಬೇಗ ಮೊಟ್ಟೆಗೆ ಬರುತ್ತದೆ ಎಂಬುದೂ ನಿಜ. ಆದರೆ ಅವಸರಪಡಬೇಡಿ ಎಂಬುದು ನಮ್ಮ ಸಲಹೆ. ಕೋಳಿ ತಾನಾಗಿ ಬಿಟ್ಟರೆ ಸಾಮಾನ್ಯವಾಗಿ 5ರಿಂದ 8 ವಾರಗಳ ನಡುವೆ ಬಿಡುತ್ತದೆ. 4 ವಾರಕ್ಕೇ ಬಿಡುವವೂ ಇವೆ, 10–12 ವಾರ ಜೊತೆಗಿಟ್ಟುಕೊಳ್ಳುವವೂ ಇವೆ. ಹೆಚ್ಚು ಮೊಟ್ಟೆಗಾಗಿಯೇ ಆಯ್ದು ಬೆಳೆಸಿದ ತಳಿಗಳಲ್ಲಿ ಕಾವಿಗೆ ಕೂರುವ ಗುಣವೇ ಕ್ಷೀಣಿಸಿದೆ. ಕಾವಿಗೆ ಹೆಸರಾದ ತಳಿಗಳು ಮರಿಗಳನ್ನು ದೀರ್ಘಕಾಲ ನೋಡಿಕೊಳ್ಳುತ್ತವೆ.

ವಾರಗಳ ಲೆಕ್ಕಕ್ಕಿಂತ ಮರಿಯ ಮೈಯನ್ನು ನೋಡಿ ನಿರ್ಧರಿಸುವುದು ಮೇಲು. ಹುಟ್ಟಿದ ಮರಿಗೆ ತನ್ನ ಮೈಬಿಸಿಯನ್ನು ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ತಾಯಿಯಿಲ್ಲದೆ ಸಾಕುವವರು ಮೊದಲ ವಾರ ಮರಿಗಳಿಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿ ಒದಗಿಸಿ, ಅಲ್ಲಿಂದ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬರುವುದು ಇದಕ್ಕಾಗಿಯೇ. ನವಿರಾದ ತುಪ್ಪುಳ ಉದುರಿ ಬೆನ್ನು, ಎದೆ, ಕುತ್ತಿಗೆಗಳ ಮೇಲೆ ನಿಜವಾದ ಗರಿ ಮುಚ್ಚುವುದು 5–6 ವಾರದ ಹೊತ್ತಿಗೆ. ರೆಕ್ಕೆಯ ಗರಿಗಳು ಮೊದಲ ವಾರದಲ್ಲೇ ಕಾಣಿಸಿಕೊಳ್ಳುವುದರಿಂದ ಅವನ್ನು ನೋಡಿ ಮೋಸಹೋಗಬಾರದು. ಎದೆ ಮತ್ತು ಬೆನ್ನು ಎರಡೂ ಮುಚ್ಚಿದ ಮೇಲೆ ಬೇರ್ಪಡಿಸಿದರೆ ಬಿಸಿಯ ತೊಂದರೆ ಇರುವುದಿಲ್ಲ.

ಬಿಸಿಯೊಂದೇ ತಾಯಿಯ ಕೊಡುಗೆಯೂ ಅಲ್ಲ. ಏನನ್ನು ತಿನ್ನಬೇಕು, ಯಾವ ನೆರಳು ಕಂಡರೆ ಅವಿತುಕೊಳ್ಳಬೇಕು, ಯಾವ ಹೊತ್ತಿಗೆ ಒಳಗೆ ಬರಬೇಕು ಎಂಬುದನ್ನು ಮರಿಗಳು ತಾಯಿಯ ಹಿಂದೆ ಓಡಾಡಿಯೇ ಕಲಿಯುತ್ತವೆ. ತಾಯಿಯ ಜೊತೆ ಬೆಳೆದ ಕೋಳಿಗಳು ಮುಂದೆ ಒಂದರ ಗರಿಯನ್ನೊಂದು ಕೀಳುವ ಚಟಕ್ಕೆ ಬೀಳುವುದು ಕಡಿಮೆ ಎಂಬುದನ್ನೂ ಅಧ್ಯಯನಗಳು ಗುರುತಿಸಿವೆ. ಎರಡು ಮೂರು ವಾರದ ಮೊಟ್ಟೆಗಳ ಆಸೆಗೆ ಇಷ್ಟನ್ನು ಬಿಟ್ಟುಕೊಡುವುದು ಲಾಭದ ವ್ಯವಹಾರವಾಗಿ ನಮಗೆ ತೋರುವುದಿಲ್ಲ.

ಪ್ರಶ್ನೆ: ಮಿಕ್ಕ ಕೋಳಿಗಳು ಮರಿಗಳನ್ನು ಕೊಂದಾವೆಂಬ ಭಯದಿಂದ ತಾಯಿಯನ್ನೂ ಮರಿಗಳನ್ನೂ ಎರಡು ತಿಂಗಳು ಪ್ರತ್ಯೇಕ ಕೋಣೆಯಲ್ಲಿ ಇಟ್ಟಿದ್ದೆವು. ಈಗ ಹೊರಗೆ ಬಿಟ್ಟರೆ ಹಳೆಯ ಕೋಳಿಗಳು ಮರಿಗಳ ಮೇಲಷ್ಟೇ ಅಲ್ಲ, ತಮ್ಮ ಜೊತೆಯಲ್ಲೇ ಬೆಳೆದ ತಾಯಿಯ ಮೇಲೂ ಎರಗುತ್ತಿವೆ. ತಾಯಿಯೂ ಈಗ ಮರಿಗಳನ್ನು ಕಾಯುತ್ತಿಲ್ಲ. ಏನು ಮಾಡಬೇಕು?

ಉತ್ತರ: ಈ ತೊಂದರೆಯನ್ನು ಹೇಳಿಕೊಂಡು ಬಂದ ಪತ್ರಗಳೇ ಹೆಚ್ಚಾಗಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ಕೋಳಿಗಳ ಗುಂಪಿನಲ್ಲಿ ಯಾರು ಯಾರಿಗೆ ದಾರಿಬಿಡಬೇಕೆಂಬ ಮೇಲುಕೀಳಿನ ಒಂದು ಕ್ರಮವಿರುತ್ತದೆ. ನಾರ್ವೆಯ ಪ್ರಾಣಿವಿಜ್ಞಾನಿ ಥಾರ್ಲೈಫ್ ಷೆಲ್ಡೆರುಪ್-ಎಬ್ಬೆ ಬಾಲ್ಯದಿಂದಲೇ ಕೋಳಿಗಳನ್ನು ಗಮನಿಸುತ್ತ ಬಂದು 1920ರ ದಶಕದ ಆರಂಭದಲ್ಲಿ ಇದನ್ನು ಮೊದಲ ಬಾರಿಗೆ ಶಾಸ್ತ್ರೀಯವಾಗಿ ವಿವರಿಸಿದರು. ಮೇಲಿನ ಕೋಳಿ ಕೆಳಗಿನದನ್ನು ಕುಕ್ಕುತ್ತದೆ, ಕೆಳಗಿನದು ತಿರುಗಿ ಕುಕ್ಕದೆ ಸರಿಯುತ್ತದೆ. ಕ್ರಮ ಒಮ್ಮೆ ನೆಲೆಗೊಂಡ ಮೇಲೆ ಕಣ್ಣಿನ ನೋಟವೇ ಸಾಕಾಗುವುದರಿಂದ ಜಗಳಗಳು ವಿರಳವಾಗುತ್ತವೆ. ಈ ಕ್ರಮ ನಿಂತಿರುವುದು ಪರಸ್ಪರರ ನೆನಪಿನ ಮೇಲೆ. ಕೋಳಿಗಳು ಒಂದನ್ನೊಂದು ಮುಖ್ಯವಾಗಿ ತಲೆ ಮತ್ತು ಜುಟ್ಟಿನ ಆಕಾರ, ಬಣ್ಣಗಳಿಂದ ಗುರುತಿಸುತ್ತವೆ. ಕೆಲವು ವಾರ ಕಣ್ಮರೆಯಾದ ಕೋಳಿಯ ನೆನಪು ಮಾಸುತ್ತದೆ. ಕಾವು ಮತ್ತು ಮರಿ ಸಾಕುವಿಕೆಯಿಂದ ಜುಟ್ಟು ಕುಗ್ಗಿ ಬಿಳಿಚಿದ್ದರೆ ಹಳೆಯ ಗುರುತೂ ಉಳಿದಿರುವುದಿಲ್ಲ. ಹೀಗಾಗಿ ನಿಮ್ಮ ತಾಯಿಕೋಳಿ ಎರಡು ತಿಂಗಳ ನಂತರ ಹಳೆಯ ಒಡನಾಡಿಯಾಗಿ ಮರಳಲಿಲ್ಲ, ಹೊಸಬಳಾಗಿ ಬಂದಿತು. ಹೊಸದಾಗಿ ಬಂದ ಕೋಳಿ ತನ್ನ ಸ್ಥಾನವನ್ನು ಕಾದಾಡಿಯೇ ಪಡೆಯಬೇಕು.

ಮರಿಗಳ ವಿಷಯದಲ್ಲಿ ಆದ ನಷ್ಟ ಇನ್ನೂ ದೊಡ್ಡದು. ಮರಿಗಳು ಚಿಕ್ಕವಾಗಿರುವಾಗ ತಾಯಿಯ ಉಗ್ರತೆ ಪರಾಕಾಷ್ಠೆಯಲ್ಲಿರುತ್ತದೆ. ಗುಂಪಿನಲ್ಲಿ ತೀರ ಕೆಳಗಿನ ಸ್ಥಾನದಲ್ಲಿದ್ದ ಕೋಳಿಯೂ ಗರಿಗಳನ್ನು ಕೆದರಿ ಎರಡು ಪಟ್ಟು ದೊಡ್ಡದಾಗಿ ಕಾಣುತ್ತ, ಮರಿಗಳ ಹತ್ತಿರ ಸುಳಿದ ಯಾವ ಕೋಳಿಯನ್ನೂ ಬಿಡದೆ ಅಟ್ಟುತ್ತದೆ. ಈ ರಕ್ಷಣೆಯ ಅವಧಿಯಲ್ಲಿಯೇ ಮಿಕ್ಕ ಕೋಳಿಗಳು ಮರಿಗಳಿಂದ ದೂರವಿರುವುದನ್ನು ಕಲಿಯುತ್ತವೆ, ಮರಿಗಳು ಹಿರಿಯ ಕೋಳಿಗಳಿಗೆ ದಾರಿಬಿಡುವುದನ್ನು ಕಲಿಯುತ್ತವೆ. ತಾಯಿ ಮರಿಗಳನ್ನು ಬಿಡುವ ಹೊತ್ತಿಗೆ ಮರಿಗಳು ಗುಂಪಿಗೆ ಆಗಲೇ ಪರಿಚಿತವಾಗಿರುತ್ತವೆ. ನೀವು ಆ ವಾರಗಳನ್ನು ಗೋಡೆಯ ಹಿಂದೆ ಕಳೆಯಿಸಿದ್ದರಿಂದ, ತಾಯಿಯ ರಕ್ಷಣೆ ಮುಗಿದ ಮೇಲೆ ಮರಿಗಳು ಮೊದಲ ಸಲ ಗುಂಪನ್ನು ಎದುರಿಸುವಂತಾಯಿತು. ಭಯದಿಂದ ಮಾಡಿದ ಏರ್ಪಾಡೇ ಭಯಪಟ್ಟದ್ದನ್ನು ತಂದಿತು ಎನ್ನಬೇಕಾಗಿದೆ. ಇದರಲ್ಲಿ ನಿಮ್ಮನ್ನು ದೂರುವುದಕ್ಕಿಲ್ಲ, ಬಹುತೇಕ ಎಲ್ಲ ಸಾಕಣೆದಾರರೂ ಮೊದಲ ಸಲ ಹೀಗೆಯೇ ಮಾಡುತ್ತಾರೆ.

ಈಗ ಮಾಡಬೇಕಾದದ್ದು ಇಷ್ಟು. ತಾಯಿ ಮತ್ತು ಮರಿಗಳನ್ನು ಎರಡು ಪ್ರತ್ಯೇಕ ಪ್ರಶ್ನೆಗಳಾಗಿ ನೋಡಿ. ತಾಯಿ ಪೂರ್ಣ ಬೆಳೆದ ಕೋಳಿಯಾದ್ದರಿಂದ ಅದನ್ನು ಮೊದಲು ಒಂಟಿಯಾಗಿ ಸೇರಿಸಬಹುದು. ಒಂದೆರಡು ದಿನ ಜಟಾಪಟಿ ನಡೆದು ಸ್ಥಾನ ಗೊತ್ತಾಗುತ್ತದೆ. ಅದು ಮೊದಲೇ ಬಳಲಿದ್ದರೆ ಒಂದು ವಾರ ಚೆನ್ನಾಗಿ ತಿನ್ನಿಸಿ, ಜುಟ್ಟು ಕೆಂಪಾದ ಮೇಲೆ ಬಿಡಿ.

ಮರಿಗಳಿಗೆ ಕೋಳಿಗಳ ಅಂಗಳದೊಳಗೇ ಒಂದು ಭಾಗವನ್ನು ತಂತಿಜಾಲರಿಯಿಂದ ಬೇರ್ಪಡಿಸಿಕೊಡಿ. ನೋಡಲು ಸಾಧ್ಯ, ಮುಟ್ಟಲು ಅಸಾಧ್ಯ ಎಂಬ ಸ್ಥಿತಿಯಲ್ಲಿ ಕನಿಷ್ಠ ಎರಡು ವಾರ ಎರಡೂ ಕಡೆಯವು ಇರಲಿ. ಜಾಲರಿಯ ಎರಡು ಬದಿಗೂ ಹತ್ತಿರ ಹತ್ತಿರದಲ್ಲೇ ಕಾಳು ಹಾಕಿದರೆ ಒಟ್ಟಿಗೆ ಮೇಯುವ ರೂಢಿಯಾಗುತ್ತದೆ. ಹಳೆಯ ಕೋಳಿಗಳು ಜಾಲರಿಯ ಬಳಿ ಬಂದು ಹೊಂಚುವುದನ್ನು ಬಿಟ್ಟು ತಮ್ಮ ಪಾಡಿಗೆ ಕೆದಕುತ್ತಿರುವುದು ಕಂಡ ಮೇಲೆ ಜಾಲರಿಯ ಬುಡದಲ್ಲಿ ಸುಮಾರು 10 ಸೆಂಟಿಮೀಟರ್ ಅಗಲದ ಕಿಂಡಿಗಳನ್ನು ತೆರೆಯಿರಿ: ಮರಿ ನುಸುಳಬೇಕು, ದೊಡ್ಡ ಕೋಳಿ ತೂರಬಾರದು. ನಿಮ್ಮ ಮರಿಗಳು ಬೆಳೆದಿರುವುದರಿಂದ ಕಿಂಡಿಯ ಅಳತೆಯನ್ನು ಅವುಗಳ ಮೈ ನೋಡಿ ಸ್ವಲ್ಪ ಹೆಚ್ಚಿಸಬೇಕಾಗಬಹುದು. ಕಿಂಡಿಯೊಂದು ಮುಚ್ಚಿಹೋದರೂ ಮರಿಗೆ ಇನ್ನೊಂದು ಸಿಗುವಂತೆ ಎರಡು ಮೂರು ಕಡೆ ಇರಲಿ. ಮರಿಗಳು ತಮ್ಮ ಧೈರ್ಯವಿದ್ದಷ್ಟು ದೂರ ಹೊರಬಂದು, ಯಾವುದಾದರೂ ಕೋಳಿ ಅಟ್ಟಿದರೆ ಓಡಿ ಒಳಸೇರುತ್ತವೆ. ದಿನಗಳೆದಂತೆ ಹೊರಗಿರುವ ಹೊತ್ತು ತಾನಾಗಿ ಹೆಚ್ಚುತ್ತದೆ. ನಾವು ಕೈಯಿಂದ ಹಿಡಿದು ಹೊರಗೆ ಬಿಡುವ ಅಗತ್ಯವೇ ಬೀಳುವುದಿಲ್ಲ. ಇಷ್ಟು ಸರಳವಾದ ಉಪಾಯವನ್ನು ಬಿಟ್ಟು, ರಾತ್ರಿ ಎಲ್ಲವೂ ಮಲಗಿರುವಾಗ ಮರಿಗಳನ್ನು ಒಯ್ದು ಗುಂಪಿನ ನಡುವೆ ಇಟ್ಟುಬಿಡುವ ಪದ್ಧತಿಯನ್ನು ಹಲವರು ನೆಚ್ಚುತ್ತಾರೆ. ಕತ್ತಲಲ್ಲಿ ಜಗಳವಾಗುವುದಿಲ್ಲ ನಿಜ, ಆದರೆ ಬೆಳಗಾದೊಡನೆ ಅಪರಿಚಿತ ಮರಿಗಳು ಮುಚ್ಚಿದ ಗೂಡಿನಲ್ಲಿ ಸಿಕ್ಕಿಬಿದ್ದಿರುತ್ತವೆ. ಪೂರ್ವಪರಿಚಯವಿಲ್ಲದೆ ಇದನ್ನು ಮಾಡಬಾರದು.

ಮರಿಗಳನ್ನು ಒಂದೊಂದಾಗಿ ಬಿಡದೆ ಎಲ್ಲವನ್ನೂ ಒಟ್ಟಿಗೆ ಬಿಡಿ, ಆಗ ಒಂದೇ ಮರಿಯ ಮೇಲೆ ಎಲ್ಲ ಕೋಳಿಗಳ ಗಮನ ಬೀಳುವುದಿಲ್ಲ. ಕಾಳು ಮತ್ತು ನೀರು ಕನಿಷ್ಠ ಎರಡು ಕಡೆ, ಒಂದರಿಂದ ನಿಂತು ಇನ್ನೊಂದನ್ನು ಕಾವಲು ಕಾಯಲಾಗದಷ್ಟು ದೂರದಲ್ಲಿರಲಿ. ಅಂಗಳ ಬಯಲಾಗಿದ್ದರೆ ಓರೆಯಾಗಿ ನಿಲ್ಲಿಸಿದ ಹಲಗೆ, ಪೊದೆ, ಮರದ ತುಂಡುಗಳನ್ನು ಇಟ್ಟು ಮರೆಗಳನ್ನು ಕಲ್ಪಿಸಿ. ಮರೆಯಾದ ಮರಿಯನ್ನು ಕೋಳಿ ಬೆನ್ನಟ್ಟುವುದಿಲ್ಲ. ಹಿಂದಕ್ಕೆ ದಾರಿಯಿಲ್ಲದ ಮೂಲೆಗಳನ್ನು ಮಾತ್ರ ಮುಚ್ಚಿಬಿಡಿ, ಅನಾಹುತಗಳು ಆಗುವುದು ಅಲ್ಲಿಯೇ. ಒಂದೇ ಒಂದು ಕೋಳಿ ಹಟತೊಟ್ಟು ಮರಿಗಳನ್ನು ಹಿಂಸಿಸುತ್ತಿದ್ದರೆ, ಮರಿಗಳನ್ನು ತೆಗೆಯುವ ಬದಲು ಆ ಕೋಳಿಯನ್ನೇ ಕೆಲವು ದಿನ ಗುಂಪಿನಿಂದ ದೂರವಿಟ್ಟು ನೋಡಿ. ಅದು ಮರಳಿ ಬಂದಾಗ ತನ್ನ ಸ್ಥಾನದ ಚಿಂತೆಯಲ್ಲೇ ಮುಳುಗಿರುತ್ತದೆ.

ಇಷ್ಟೆಲ್ಲ ಆದ ಮೇಲೂ ಮರಿಗಳು ಗುಂಪಿನೊಳಗೊಂದು ಗುಂಪಾಗಿಯೇ ಓಡಾಡುತ್ತವೆ. ಒಡಹುಟ್ಟಿದವು ಒಟ್ಟಿಗೇ ಮೇದು ಒಟ್ಟಿಗೇ ಮಲಗುತ್ತವೆ. ಹೆಣ್ಣುಮರಿಗಳು 5–6 ತಿಂಗಳಿಗೆ ಮೊಟ್ಟೆಗೆ ಬರುವ ಹೊತ್ತಿಗಷ್ಟೇ ಅವು ಹಿರಿಯ ಕೋಳಿಗಳ ಕ್ರಮದೊಳಗೆ ನಿಜವಾಗಿ ಬೆರೆಯುವುದು. ಅಲ್ಲಿಯವರೆಗೆ ಆಗೊಮ್ಮೆ ಈಗೊಮ್ಮೆ ಕುಕ್ಕಿಸಿಕೊಳ್ಳುವುದು ಅವುಗಳ ಪಾಲಿಗೆ ಇದ್ದದ್ದೇ.

ಪ್ರಶ್ನೆ: ಹಾಗಾದರೆ ಕೋಳಿಯನ್ನು ಗುಂಪಿನ ನಡುವೆಯೇ ಕಾವಿಗೆ ಕೂರಿಸಿ ಅಲ್ಲಿಯೇ ಮರಿ ಮಾಡಲು ಬಿಡುವುದು ಸರಿಯೇ? ಮರಿಗಳು ಎಷ್ಟನೆಯ ದಿನ ಗುಂಪನ್ನು ನೋಡಬೇಕು?

ಉತ್ತರ: ಕಾವಿನ ಕಾಲಕ್ಕೆ ಮಾತ್ರ ಸ್ವಲ್ಪ ಪ್ರತ್ಯೇಕತೆ ಒಳ್ಳೆಯದು. ಇಲ್ಲವಾದರೆ ಮಿಕ್ಕ ಕೋಳಿಗಳು ಅದೇ ಗೂಡಿಗೆ ಬಂದು ದಿನವೂ ಹೊಸ ಮೊಟ್ಟೆ ಸೇರಿಸುತ್ತವೆ. ಅವು ಹಿಂದೆ ಮುಂದೆ ಒಡೆಯುವುದರಿಂದ ಮೊದಲ ಮರಿಗಳೊಡನೆ ತಾಯಿ ಎದ್ದುಹೋಗಿ ಉಳಿದ ಮೊಟ್ಟೆಗಳು ಹಾಳಾಗುತ್ತವೆ. ಆದರೆ ಆ ಪ್ರತ್ಯೇಕತೆಗೆ ಗೋಡೆ ಬೇಡ, ಜಾಲರಿ ಸಾಕು. ಕಾವು ಕೂತಿರುವಾಗಲೂ ಕೋಳಿ ಗುಂಪಿನ ಕಣ್ಣಿಗೆ ಬೀಳುತ್ತಿದ್ದರೆ ಅದರ ಸ್ಥಾನ ಅಳಿಸಿಹೋಗುವುದಿಲ್ಲ.

ಮೊಟ್ಟೆಯೊಳಗಿನ ಹಳದಿಯ ಉಳಿದ ಭಾಗ ಮರಿಯ ಹೊಟ್ಟೆಯೊಳಗೆ ಸೇರಿರುವುದರಿಂದ ಮೊದಲ ಎರಡು ಮೂರು ದಿನ ಅದಕ್ಕೆ ಆಹಾರದ ಆತುರವಿಲ್ಲ, ತಾಯಿಯ ಅಡಿಯಲ್ಲೇ ಕಳೆಯಬಹುದು. ತಾಯಿಯ ರೂಪವೂ ದನಿಯೂ ಮರಿಯ ಮನಸ್ಸಿನಲ್ಲಿ ಅಚ್ಚೊತ್ತುವುದು ಇದೇ ದಿನಗಳಲ್ಲಿ. ಈ ಹೊತ್ತು ಬೇರೆ ಕೋಳಿಗಳ ಗದ್ದಲ ಬೇಡ. ಮರಿಗಳು ತಾಯಿಯ ಕರೆಗೆ ತಪ್ಪದೆ ಓಡಿಬಂದು ರೆಕ್ಕೆಯಡಿ ಸೇರುತ್ತಿವೆ ಎಂಬುದು ಖಚಿತವಾದ ಮೇಲೆ, ಸಾಮಾನ್ಯವಾಗಿ ಮೊದಲ ವಾರದ ಕೊನೆಯಲ್ಲಿ ಅಥವಾ ಎರಡನೆಯ ವಾರದಲ್ಲಿ, ವಿಶಾಲವಾದ ಅಂಗಳದಲ್ಲಿ ದಿನಕ್ಕೆ ಸ್ವಲ್ಪ ಹೊತ್ತು, ನಿಮ್ಮ ಕಣ್ಣೆದುರಿನಲ್ಲಿ ಬಿಡಲು ಆರಂಭಿಸಿ. ಜಾಗ ಇಕ್ಕಟ್ಟಾಗಿದ್ದರೆ, ತಾಯಿ ಅಂಜುಬುರುಕಿಯಾಗಿದ್ದರೆ, ಅಥವಾ ಮರಿಗಳನ್ನು ಕುಕ್ಕುವ ಚಟದ ಕೋಳಿ ಗುಂಪಿನಲ್ಲಿದ್ದರೆ ಇನ್ನೂ ಕೆಲವು ದಿನ ಜಾಲರಿಯ ಹಿಂದೆಯೇ ಇರಲಿ. ಒಂದೇ ಹೊತ್ತಿಗೆ ಎರಡು ಕೋಳಿಗಳು ಬೇರೆ ಬೇರೆ ವಯಸ್ಸಿನ ಮರಿಗಳನ್ನು ಮಾಡಿದ್ದರೆ ಅವನ್ನು ಒಟ್ಟಿಗೆ ಬಿಡುವಾಗ ವಿಶೇಷ ಎಚ್ಚರ ಬೇಕು, ಏಕೆಂದರೆ ಮಿಕ್ಕ ಕೋಳಿಗಳಿಗಿಂತ ಇನ್ನೊಬ್ಬ ತಾಯಿಯೇ ಪರರ ಮರಿಗೆ ಹೆಚ್ಚು ಅಪಾಯಕಾರಿ.

ಪ್ರಶ್ನೆ: ಎಲ್ಲವೂ ಒಟ್ಟಿಗಿರುವಾಗ ಯಾವ ಆಹಾರ ಕೊಡಬೇಕು? ಮರಿಗಳು ದೊಡ್ಡವುಗಳ ಆಹಾರ ತಿಂದರೆ ಬಾಧಕವೇ?

ಉತ್ತರ: ಬಾಧಕ. ಮೊಟ್ಟೆಕೋಳಿಗಳ ಲೇಯರ್ ಆಹಾರದಲ್ಲಿ ಚಿಪ್ಪಿಗಾಗಿ ಶೇ. 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ; ಮರಿಗೆ ಬೇಕಾದದ್ದು ಶೇ. 1ರ ಆಸುಪಾಸು. ಹೆಚ್ಚಾದ ಕ್ಯಾಲ್ಸಿಯಂ ಬೆಳೆಯುವ ಮರಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಆದ್ದರಿಂದ ಒಟ್ಟಿಗಿರುವಷ್ಟು ಕಾಲ ಎಲ್ಲಕ್ಕೂ ಮರಿಗಳ ಆಹಾರವನ್ನೇ ಕೊಟ್ಟು, ಮೊಟ್ಟೆಯಿಡುವ ಕೋಳಿಗಳಿಗಾಗಿ ಕಪ್ಪೆಚಿಪ್ಪಿನ ಚೂರನ್ನು ಬೇರೆ ಪಾತ್ರೆಯಲ್ಲಿ, ಮರಿಗೆ ಎಟುಕದ ಎತ್ತರದಲ್ಲಿ ಇಡಿ. ಬೇಕಾದ ಕೋಳಿ ತಾನೇ ಹೋಗಿ ತಿನ್ನುತ್ತದೆ. ಮರಿಗಳು ಮುಳುಗದಂತೆ ನೀರಿನ ಪಾತ್ರೆ ಆಳವಿಲ್ಲದ್ದಾಗಿರಲಿ, ಅಥವಾ ಅದರಲ್ಲಿ ಬೆಣಚುಕಲ್ಲುಗಳಿರಲಿ.

ಇದರ ಜೊತೆಗೇ ಒಂದು ಮಾತು. ಮರಿಗಳು ಗುಂಪಿನ ನೆಲಕ್ಕೆ ಇಳಿಯುವ 3–6 ವಾರದ ಅವಧಿಯಲ್ಲಿಯೇ ರಕ್ತಭೇದಿಯ, ಅಂದರೆ ಕಾಕ್ಸಿಡಿಯೋಸಿಸ್ ರೋಗದ, ಕಾಟ ಹೆಚ್ಚು. ದೊಡ್ಡ ಕೋಳಿಗಳ ಹಿಕ್ಕೆಯ ಮೂಲಕ ಹೊರಬಿದ್ದ ಈ ಪರೋಪಜೀವಿ ಒದ್ದೆ ನೆಲದಲ್ಲಿ ಒಂದೆರಡು ದಿನಗಳಲ್ಲೇ ಸೋಂಕು ತಗುಲಿಸಲು ಸಿದ್ಧವಾಗುತ್ತದೆ. ಗರಿ ಕೆದರಿಕೊಂಡು ತೂಕಡಿಸುವ ಮರಿ, ರಕ್ತ ಬೆರೆತ ಹಿಕ್ಕೆ ಕಂಡರೆ ಮರುದಿನಕ್ಕೆ ಕಾಯದೆ ಪಶುವೈದ್ಯರಿಗೆ ತೋರಿಸಿ. ಗೂಡಿನ ನೆಲವನ್ನು ಒಣದಾಗಿಡುವುದೇ ಮುಖ್ಯ ತಡೆ. ತಾಯಿಯ ಬಿಡುಗಡೆಯ ಒತ್ತಡ, ಗುಂಪಿನ ಒತ್ತಡ, ಹೊಸ ನೆಲ, ಮೂರೂ ಒಂದೇ ವಾರ ಬೀಳದಂತೆ ನೋಡಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಮೂರೇ ವಾರಕ್ಕೆ ತಾಯಿ ಮರಿಗಳನ್ನು ಬಿಟ್ಟುಬಿಟ್ಟಿದೆ. ಮತ್ತೆ ಸೇರಿಸಲು ಸಾಧ್ಯವೇ?

ಉತ್ತರ: ಮೊದಲು, ತಾಯಿ ನಿಜವಾಗಿ ಬಿಟ್ಟಿದೆಯೇ ಎಂಬುದನ್ನು ಕತ್ತಲಾದ ಮೇಲೆ ನೋಡಿ. ಹಗಲು ಅಲಕ್ಷ್ಯ ತೋರಿದರೂ ರಾತ್ರಿ ರೆಕ್ಕೆಯಡಿ ಸೇರಿಸಿಕೊಳ್ಳುವ ಕೋಳಿ ತನ್ನ ಕೆಲಸವನ್ನು ಮಾಡುತ್ತಲೇ ಇದೆ. ಹೇನು, ಉಣ್ಣೆಗಳ ಕಾಟದಿಂದ ಕೋಳಿ ನೆಲದ ಗೂಡನ್ನು ತೊರೆದು ಮೇಲೇರಿರುವ ಸಾಧ್ಯತೆಯೂ ಇದೆ; ಹಾಗಿದ್ದರೆ ಗೂಡನ್ನು ಶುಚಿಮಾಡಿ ಹೊಸ ಹಾಸು ಹಾಕಿದಾಗ ಅದು ಮರಳುವುದುಂಟು. ನಿಜವಾಗಿಯೇ ಬಿಟ್ಟಿದ್ದರೆ ಬಲವಂತವಾಗಿ ಬುಟ್ಟಿಯಡಿ ಮುಚ್ಚಿ ಕೂಡಿಹಾಕುವುದರಿಂದ ಮರಿಗಳಿಗೆ ಪೆಟ್ಟೇ ಹೊರತು ಬಿಸಿಯಲ್ಲ. ರಾತ್ರಿಯಲ್ಲೂ ತಂಪು ಹೊತ್ತಿನಲ್ಲೂ ಮರಿಗಳಿಗೆ ಬಿಸಿಯ ಆಸರೆ ಒದಗಿಸಿ. ಮೂರು ವಾರದ ಮರಿಗೆ 27–29 ಡಿಗ್ರಿ ಸಾಕು. ಒಂದರ ಮೇಲೊಂದು ರಾಶಿಬೀಳುತ್ತಿದ್ದರೆ ಬಿಸಿ ಸಾಲದು, ದೂರ ದೂರ ಸರಿದು ಬಾಯಿ ತೆರೆದು ಏದುತ್ತಿದ್ದರೆ ಹೆಚ್ಚಾಯಿತು. ಈ ಆಸರೆಯನ್ನೂ ಗುಂಪಿಗೆ ಕಾಣುವಂತೆ ಜಾಲರಿಯ ಹಿಂದೆಯೇ ಏರ್ಪಡಿಸಿ, ಒಳಮನೆಗೆ ಒಯ್ಯಬೇಡಿ.

ಪ್ರಶ್ನೆ: ನಮ್ಮ ಕೋಳಿ ಮೂರು ತಿಂಗಳಾದರೂ ಮರಿಗಳನ್ನು ಬಿಟ್ಟಿಲ್ಲ. ತನ್ನಷ್ಟೇ ಎತ್ತರದ ಮರಿಗಳನ್ನು ಇನ್ನೂ ರೆಕ್ಕೆಯಡಿ ತೂರಿಸಿಕೊಳ್ಳಲು ನೋಡುತ್ತದೆ.

ಉತ್ತರ: ಹಾಗೆಯೇ ಇರಲಿ. ಮರಿಗಳ ಸಂಖ್ಯೆ ಕಡಿಮೆ ಇದ್ದಾಗ, ಅದರಲ್ಲೂ ಒಂದೇ ಮರಿ ಉಳಿದಾಗ, ಹೀಗಾಗುವುದು ಅಪರೂಪವಲ್ಲ. ಕೋಳಿ ಚೆನ್ನಾಗಿ ತಿಂದು ತೂಕ ಉಳಿಸಿಕೊಂಡಿದ್ದರೆ ಮಧ್ಯೆ ಬರುವ ಕಾರಣವಿಲ್ಲ. ಇಂಥ ಕೆಲವು ಕೋಳಿಗಳು ಮರಿಗಳ ಜೊತೆಗಿರುವಾಗಲೇ ಮೊಟ್ಟೆಯನ್ನೂ ಇಡುತ್ತವೆ.

ಪ್ರಶ್ನೆ: ಹುಂಜ ಮರಿಗಳನ್ನು ಕೊಲ್ಲುತ್ತದೆಯೇ? ತಾಯಿ ಬಿಟ್ಟ ಮೇಲೆ ಗಂಡುಮರಿಗಳ ಗತಿಯೇನು?

ಉತ್ತರ: ಹುಂಜಗಳು ಬಹುಮಟ್ಟಿಗೆ ಮರಿಗಳನ್ನು ಸಹಿಸುತ್ತವೆ, ಕಾಳು ಸಿಕ್ಕಾಗ ಮರಿಗಳನ್ನೂ ಕರೆಯುವ, ಹದ್ದು ಕಂಡಾಗ ಕೂಗಿ ಎಚ್ಚರಿಸುವ ಹುಂಜಗಳಿರುವ ಗುಂಪಿನಲ್ಲಿ ಮರಿಗಳಿಗೆ ಅದು ಎರಡನೆಯ ಕಾವಲು. ಹೇಟೆಗಳು ಮರಿಗಳನ್ನು ವಿಪರೀತವಾಗಿ ಅಟ್ಟುವಾಗ ನಡುವೆ ನುಗ್ಗಿ ಬಿಡಿಸುವ ಹುಂಜಗಳೂ ಇವೆ. ಆದರೆ ಪ್ರತಿಯೊಂದು ಹುಂಜದ ಸ್ವಭಾವವೂ ಬೇರೆಯಾದ್ದರಿಂದ ಮೊದಲ ಭೇಟಿಗಳನ್ನು ಕಾದು ನೋಡಬೇಕು.

ಗಂಡುಮರಿಗಳಿಗೆ ತೊಡಕು ಬರುವುದು ತಾಯಿ ಬಿಟ್ಟಾಗ ಅಲ್ಲ, ತಡವಾಗಿ. ಜುಟ್ಟು ಕೆಂಪೇರಿ ಕೂಗಲು ಕಲಿಯುವ 3–5 ತಿಂಗಳ ವಯಸ್ಸಿನಲ್ಲಿ ಹಿರಿಯ ಹುಂಜ ಅವುಗಳನ್ನು ಪ್ರತಿಸ್ಪರ್ಧಿಗಳಾಗಿ ಕಾಣತೊಡಗುತ್ತದೆ, ಅವೂ ಹೇಟೆಗಳನ್ನು, ತಮ್ಮ ತಾಯಿಯನ್ನೂ ಒಡಹುಟ್ಟಿದವನ್ನೂ ಬಿಡದೆ, ಕಾಡತೊಡಗುತ್ತವೆ. ತಾಯಿಮಕ್ಕಳೆಂಬ ಗುರುತು ಆ ಹೊತ್ತಿಗೆ ಎರಡು ಕಡೆಯಲ್ಲೂ ಉಳಿದಿರುವುದಿಲ್ಲ. ಸುಮಾರು ಹತ್ತು ಹೇಟೆಗಳಿಗೆ ಒಂದು ಹುಂಜ ಸಾಕಾಗುವುದರಿಂದ, ಹೆಚ್ಚಿನ ಗಂಡುಮರಿಗಳನ್ನು ಕೂಗು ಶುರುವಾಗುವ ಮೊದಲೇ ಪ್ರತ್ಯೇಕ ಅಂಗಳಕ್ಕೆ ಒಟ್ಟಾಗಿ ಸಾಗಿಸಿ. ಹೇಟೆಗಳು ಕಣ್ಣಿಗೆ ಬೀಳದಿದ್ದರೆ ಒಟ್ಟಿಗೆ ಬೆಳೆದ ಗಂಡುಮರಿಗಳು ತಮ್ಮತಮ್ಮಲ್ಲಿ ಹೆಚ್ಚು ಕಾದಾಡದೆ ಇರುತ್ತವೆ.